ಸರ್ವರ್‌ನಲ್ಲಿ ಟ್ಯಾಲಿ, ಬ್ರಾಂಚ್‌ನಲ್ಲಿ ಪ್ರಿಂಟರ್: ಬಿಲ್ಲು ಸರಿಯಾದ ಕಡೆ ಬರಬೇಕಾದರೆ

ಟ್ಯಾಲಿ ಶಿವಮೊಗ್ಗದ ಹೆಡ್ ಆಫೀಸಿನ ಸರ್ವರ್‌ನಲ್ಲಿದೆ ಎಂದುಕೊಳ್ಳಿ. ಸಾಗರದ ಅಂಗಡಿಯವರು, ತೀರ್ಥಹಳ್ಳಿಯ ಗೋದಾಮಿನವರು ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಬಂದು ಬಿಲ್ ಮಾಡುತ್ತಾರೆ. ಲೆಕ್ಕವೆಲ್ಲ ಒಂದೇ ಕಡೆ ಇರುವುದರಿಂದ ಅನುಕೂಲ ಬಹಳ. ತೊಂದರೆ ಶುರುವಾಗುವುದು ಪ್ರಿಂಟ್ ಕೊಟ್ಟಾಗ. ಸಾಗರದ ಬಿಲ್ಲು ಶಿವಮೊಗ್ಗದ ಲೇಸರ್‌ನಲ್ಲಿ ಬಂದು ಬೀಳುತ್ತದೆ, ಇಲ್ಲವೇ ಎಲ್ಲಿಯೂ ಬರುವುದಿಲ್ಲ. ಬಂದರೂ ಡಾಟ್ ಮ್ಯಾಟ್ರಿಕ್ಸ್ ಒಂದೇ ಸಾಲಿಗೆ ಎರಡು ಮೂರು ಸಲ ಓಡಾಡಿ ಮಸುಕಾಗಿ ಹೊಡೆಯುತ್ತದೆ. ಲೋಡ್ ಆದ ಲಾರಿ ಬಾಗಿಲಲ್ಲಿ ನಿಂತಿರುವಾಗ ಇದು ಸಣ್ಣ ವಿಷಯವಲ್ಲ.

ಇಲ್ಲಿ ತಿಳಿದುಕೊಳ್ಳಬೇಕಾದ್ದು ಒಂದೇ. ಪರದೆ ಸಾಗರದಲ್ಲಿ ಕಂಡರೂ ಟ್ಯಾಲಿ ಓಡುತ್ತಿರುವುದು ಶಿವಮೊಗ್ಗದಲ್ಲಿ. ಫಾಂಟು, ಪ್ರಿಂಟರ್ ಪಟ್ಟಿ, ಡಿಫಾಲ್ಟ್ ಪ್ರಿಂಟರ್ ಎಲ್ಲವೂ ಸರ್ವರ್‌ನಲ್ಲಿನ ನಿಮ್ಮ ಸೆಷನ್ನಿನವು (ಸೆಷನ್ ಎಂದರೆ ನೀವು ಸೈನ್ ಇನ್ ಆದಾಗ ಸರ್ವರ್‌ನಲ್ಲಿ ತೆರೆಯುವ ನಿಮ್ಮ ಕೆಲಸದ ಜಾಗ). ಕಾಗದ ಮಾತ್ರ ನಿಮ್ಮ ಮೇಜಿನ ಪಕ್ಕದ್ದು. ಇವೆರಡನ್ನೂ ಜೋಡಿಸಲು ಬೇರೆಬೇರೆ ದಾರಿಗಳಿವೆ. ಎಲ್ಲ ಪ್ರಿಂಟರ್‌ಗೂ ಒಂದೇ ದಾರಿ ಹಿಡಿಯಲು ಹೋಗುವುದೇ ಮುಕ್ಕಾಲು ಪಾಲು ತೊಂದರೆಗೆ ಮೂಲ. ಕೆಳಗಿನ ವಿವರ ವಿಂಡೋಸ್ ಸರ್ವರ್ 2016, 2019, 2022ಕ್ಕೆ ಹೊಂದುತ್ತದೆ. ಟ್ಯಾಲಿಯ ಬದಲು ಬೇರೆ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೂ ವಿಂಡೋಸ್ ಕಡೆಯ ಕೆಲಸ ಇದೇ.

ಮೊದಲು ಯಾವ ಕಾಗದ ಎಂದು ನೋಡಿ

ಎ4 ಹಾಳೆಯ ಲೇಸರ್ ಅಥವಾ ಇಂಕ್‌ಜೆಟ್ ಆಗಿದ್ದರೆ ಈಸಿ ಪ್ರಿಂಟ್ ಸಾಕು. ಇದು ವಿಂಡೋಸ್ ಸರ್ವರ್ 2008ರಿಂದ ವಿಂಡೋಸ್‌ನೊಳಗೇ ಇದೆ. ಸರ್ವರ್ ಪುಟವನ್ನು ಎಕ್ಸ್‌ಪಿಎಸ್ ಎಂಬ, ಪಿಡಿಎಫ್‌ನಂಥ ರೂಪದಲ್ಲಿ ಸಿದ್ಧಮಾಡಿ, ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕದೊಳಗಿಂದಲೇ ಬ್ರಾಂಚ್ ಪಿಸಿಗೆ ಕಳಿಸುತ್ತದೆ. ಆ ಪಿಸಿ ತನ್ನ ಸ್ವಂತ ಡ್ರೈವರ್‌ನಿಂದ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹೊಡೆಯುತ್ತದೆ. ಹಾಗಾಗಿ ಬ್ರಾಂಚಿನವರು ಯಾವ ಕಂಪನಿಯ ಲೇಸರ್ ಕೊಂಡರೂ ಸರ್ವರ್‌ನಲ್ಲಿ ಏನನ್ನೂ ಹಾಕಬೇಕಿಲ್ಲ. ಹಾಕದಿರುವುದೇ ಒಳ್ಳೆಯದು: ಅಗ್ಗದ ಲೇಸರ್‌ಗಳ ಡ್ರೈವರ್ ಕೆಟ್ಟು ಪ್ರಿಂಟ್‌ಗಳನ್ನು ಸರದಿಯಲ್ಲಿಟ್ಟು ಕಳಿಸುವ ಸರ್ವರ್‌ನ ಸ್ಪೂಲರ್ ನಿಂತುಹೋದರೆ ಒಬ್ಬರ ಪ್ರಿಂಟ್ ಅಲ್ಲ, ಎಲ್ಲರ ಪ್ರಿಂಟೂ ನಿಲ್ಲುತ್ತದೆ.

ಡಾಟ್ ಮ್ಯಾಟ್ರಿಕ್ಸ್, ರಸೀದಿ ಹೊಡೆಯುವ ಥರ್ಮಲ್, ಬಾರ್‌ಕೋಡ್ ಪ್ರಿಂಟರ್ ಈ ಮೂರಕ್ಕೆ ಈಸಿ ಪ್ರಿಂಟ್ ಹೊಂದುವುದಿಲ್ಲ. ಇವು ಪ್ರಿಂಟರ್‌ನ ಸ್ವಂತ ಭಾಷೆಯ ಆಜ್ಞೆಗಳನ್ನು ನೇರವಾಗಿ ಬಯಸುತ್ತವೆ. ಈಸಿ ಪ್ರಿಂಟ್ ಪುಟವನ್ನು ಚಿತ್ರಿಸಿ ಕಳಿಸುವುದರಿಂದ ಕ್ಯಾಶ್ ಡ್ರಾಯರ್ ತೆರೆಯುವ ಆಜ್ಞೆ, ಪೇಪರ್ ಕತ್ತರಿಸುವ ಆಜ್ಞೆ, ಲೇಬಲ್ ಭಾಷೆಯ ಕೋಡು ಯಾವುದೂ ದಾಟಿ ಹೋಗುವುದಿಲ್ಲ. ಇವುಗಳಿಗೆ ನಿಜವಾದ ಡ್ರೈವರನ್ನು ಸರ್ವರ್‌ನಲ್ಲೂ ಹಾಕಬೇಕು.

ಒಂದೇ ಪ್ರಿಂಟರ್‌ಗೆ ನಾಲ್ಕೈದು ಜನ ಪ್ರಿಂಟ್ ಕೊಡುವ ಬ್ರಾಂಚ್ ಆಗಿದ್ದು, ಪ್ರಿಂಟರ್‌ಗೆ ನೆಟ್‌ವರ್ಕ್ ಪೋರ್ಟ್ ಇದ್ದರೆ, ವಿಪಿಎನ್ (ಎರಡು ಊರಿನ ನೆಟ್‌ವರ್ಕ್‌ಗಳ ನಡುವಿನ ಖಾಸಗಿ ಸಂಪರ್ಕ) ಮೇಲೆ ಸರ್ವರ್‌ನಿಂದ ನೇರವಾಗಿ ಹೊಡೆಯುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ.

ಸಂಪರ್ಕದ ಸೆಟ್ಟಿಂಗು

ಬ್ರಾಂಚ್ ಪಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆರೆದು ಶೋ ಆಪ್ಷನ್ಸ್ ಒತ್ತಿ. ಲೋಕಲ್ ರಿಸೋರ್ಸಸ್ ಟ್ಯಾಬ್‌ನಲ್ಲಿ ಪ್ರಿಂಟರ್ಸ್ ಎಂಬುದಕ್ಕೆ ಟಿಕ್ ಹಾಕಿ, ಜನರಲ್ ಟ್ಯಾಬ್‌ಗೆ ಮರಳಿ ಸೇವ್ ಮಾಡಿ. ಇಲ್ಲೊಂದು ಎಡವಟ್ಟು ಆಗುತ್ತಿರುತ್ತದೆ. ಸಿಬ್ಬಂದಿ ದಿನವೂ ಒತ್ತುವುದು ಡೆಸ್ಕ್‌ಟಾಪ್ ಮೇಲಿರುವ ಹಳೆಯ ಐಕಾನನ್ನು. ನೀವು ಟಿಕ್ ಹಾಕಿದ್ದು ಬೇರೆ ಕಡೆ. ಆ ಐಕಾನ್ ಮೇಲೇ ರೈಟ್ ಕ್ಲಿಕ್ ಮಾಡಿ ಎಡಿಟ್ ಆರಿಸಿ, ಟಿಕ್ ಅದರೊಳಗೇ ಸೇವ್ ಆಗುವಂತೆ ನೋಡಿಕೊಳ್ಳಿ. ಅದೇ ಟ್ಯಾಬಿನ ಮೋರ್ ಬಟನ್‌ನೊಳಗೆ ಡ್ರೈವ್ಸ್ ಎಂಬುದಿದೆ. ಪ್ರಿಂಟಿಗೆ ಅದು ಬೇಕಿಲ್ಲ, ಟಿಕ್ ತೆಗೆಯಿರಿ. ಪಿಸಿಯ ಡಿಸ್ಕನ್ನು ಸರ್ವರ್‌ಗೆ ಸುಮ್ಮನೆ ತೆರೆದಿಡುವುದು ಸರಿಯಲ್ಲ.

ಸರ್ವರ್‌ನಲ್ಲಿ ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್ ತೆರೆದು ಈ ದಾರಿ ಹಿಡಿಯಿರಿ: ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್, ಪ್ರಿಂಟರ್ ರಿಡೈರೆಕ್ಷನ್ (ಬ್ರಾಂಚಿನ ಪ್ರಿಂಟರನ್ನು ಸೆಷನ್ನಿನೊಳಗೆ ತರುವುದು). ಅಲ್ಲಿ ನೋಡಬೇಕಾದವು ಇವು:

- ‘ಡು ನಾಟ್ ಅಲೌ ಕ್ಲೈಂಟ್ ಪ್ರಿಂಟರ್ ರಿಡೈರೆಕ್ಷನ್’: ಡಿಸೇಬಲ್ಡ್ ಇರಲಿ. ಇದು ಎನೇಬಲ್ಡ್ ಆಗಿದ್ದರೆ ಬ್ರಾಂಚಿನಲ್ಲಿ ಏನು ಟಿಕ್ ಹಾಕಿದರೂ ಪ್ರಿಂಟರ್ ಕಾಣುವುದಿಲ್ಲ.
- ‘ಡು ನಾಟ್ ಸೆಟ್ ಡಿಫಾಲ್ಟ್ ಕ್ಲೈಂಟ್ ಪ್ರಿಂಟರ್ ಟು ಬಿ ಡಿಫಾಲ್ಟ್ ಪ್ರಿಂಟರ್ ಇನ್ ಎ ಸೆಷನ್’: ಇದೂ ಡಿಸೇಬಲ್ಡ್. ಹೆಸರಿನಲ್ಲೇ ‘ಬೇಡ’ ಎಂದಿರುವುದರಿಂದ ಅನೇಕರು ಇದನ್ನು ತಿರುಗಾ ಮುರುಗಾ ಇಡುತ್ತಾರೆ. ಡಿಸೇಬಲ್ಡ್ ಇದ್ದರೆ ಬ್ರಾಂಚ್ ಪಿಸಿಯ ಡಿಫಾಲ್ಟ್ ಪ್ರಿಂಟರೇ ಸೆಷನ್ನಿನ ಡಿಫಾಲ್ಟ್ ಆಗುತ್ತದೆ.
- ‘ರಿಡೈರೆಕ್ಟ್ ಓನ್ಲಿ ದ ಡಿಫಾಲ್ಟ್ ಕ್ಲೈಂಟ್ ಪ್ರಿಂಟರ್’: ಎಲ್ಲ ಬ್ರಾಂಚಿನಲ್ಲೂ ಒಂದೊಂದೇ ಪ್ರಿಂಟರ್ ಇದ್ದರೆ ಎನೇಬಲ್ ಮಾಡಿ. ಬಿಲ್ಲಿಗೊಂದು, ಇ-ಇನ್‌ವಾಯ್ಸ್‌ಗೊಂದು ಎಂದು ಎರಡು ಇದ್ದರೆ ಬೇಡ.
- ‘ಯೂಸ್ ರಿಮೋಟ್ ಡೆಸ್ಕ್‌ಟಾಪ್ ಈಸಿ ಪ್ರಿಂಟ್ ಪ್ರಿಂಟರ್ ಡ್ರೈವರ್ ಫಸ್ಟ್’: ಎಲ್ಲವೂ ಲೇಸರ್ ಆಗಿದ್ದರೆ ಎನೇಬಲ್ಡ್, ಡಾಟ್ ಮ್ಯಾಟ್ರಿಕ್ಸ್ ಅಥವಾ ಥರ್ಮಲ್ ಒಂದಾದರೂ ಇದ್ದರೆ ಡಿಸೇಬಲ್ಡ್.

ಬದಲಿಸಿದ ಮೇಲೆ ಎಲ್ಲರೂ ಸೈನ್ ಔಟ್ ಆಗಿ ಮತ್ತೆ ಬರಬೇಕು. ಕಿಟಕಿಯ ಮೂಲೆಯ ಗುಣಿಸು ಚಿಹ್ನೆ ಒತ್ತಿದರೆ ಸೈನ್ ಔಟ್ ಆಗುವುದಿಲ್ಲ. ಸೆಷನ್ ಸರ್ವರ್‌ನಲ್ಲಿ ಹಾಗೇ ಉಳಿಯುತ್ತದೆ.

ಹೆಸರಿನ ಹಿಂದೆ ಓಡುವ ಸಂಖ್ಯೆ

ಹೀಗೆ ಬಂದ ಪ್ರಿಂಟರ್‌ನ ಹೆಸರಿನ ಕೊನೆಯಲ್ಲಿ ವಿಂಡೋಸ್ ‘ರಿಡೈರೆಕ್ಟೆಡ್ 3’ ಎಂದು ಸೇರಿಸುತ್ತದೆ. ಆ 3 ಎನ್ನುವುದು ಸೆಷನ್ ಸಂಖ್ಯೆ. ನಾಳೆ ಬೆಳಿಗ್ಗೆ ಬಂದಾಗ ಅದು 7 ಆಗಿರಬಹುದು. ಸಾಫ್ಟ್‌ವೇರ್ ನಿನ್ನೆಯ ಪೂರ್ತಿ ಹೆಸರನ್ನು ನೆನಪಿಟ್ಟುಕೊಂಡಿದ್ದರೆ ಇಂದು ಆ ಹೆಸರಿನ ಪ್ರಿಂಟರೇ ಇರುವುದಿಲ್ಲ. ಆಗ ಸಾಫ್ಟ್‌ವೇರ್ ದೋಷ ತೋರಿಸುತ್ತದೆ, ಅಥವಾ ಕೈಗೆ ಸಿಕ್ಕ ಬೇರೆ ಪ್ರಿಂಟರ್‌ಗೆ ಕಳಿಸುತ್ತದೆ. ‘ನಿನ್ನೆ ಸರಿಯಿತ್ತು, ಇವತ್ತು ಇಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಮದ್ದು ಏನೆಂದರೆ, ಸಾಫ್ಟ್‌ವೇರ್‌ನೊಳಗೆ ಹೆಸರು ಹಿಡಿದು ಪ್ರಿಂಟರ್ ಆರಿಸದೆ ಡಿಫಾಲ್ಟ್ ಪ್ರಿಂಟರನ್ನೇ ಅನುಸರಿಸಲು ಬಿಡುವುದು. ಡಿಫಾಲ್ಟ್ ಯಾವುದೆಂದು ಬ್ರಾಂಚ್ ಪಿಸಿಯಲ್ಲಿ ನಿರ್ಧರಿಸುವುದು. ಇದು ನಿಲ್ಲಬೇಕಾದರೆ ವಿಂಡೋಸ್ 10 ಮತ್ತು 11ರ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಎಂಬುದನ್ನು ಆಫ್ ಮಾಡಲೇಬೇಕು. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗುತ್ತದೆ: ಯಾರೋ ಒಮ್ಮೆ ಪಿಡಿಎಫ್ ಮಾಡಿದರೆ ಮುಂದಿನ ಬಿಲ್ಲೆಲ್ಲ ಪಿಡಿಎಫ್‌ಗೆ ಹೋಗುತ್ತದೆ. ಬ್ರಾಂಚ್ ಪಿಸಿಯಲ್ಲೂ, ಸರ್ವರ್‌ನ ಸೆಷನ್ನಿನಲ್ಲಿ ಪ್ರತಿ ಯೂಸರ್‌ಗೂ ಇದನ್ನು ಆಫ್ ಮಾಡಿ.

ಟ್ಯಾಲಿಪ್ರೈಮ್‌ನಲ್ಲಿ ಕಂಟ್ರೋಲ್ ಹಿಡಿದು ಪಿ ಒತ್ತಿದಾಗ ಬರುವ ಪ್ರಿಂಟ್ ಪರದೆಯಲ್ಲಿ ಯಾವ ಪ್ರಿಂಟರ್‌ಗೆ ಹೋಗುತ್ತಿದೆ ಎಂದು ಕಾಣುತ್ತದೆ. ದಿನದ ಮೊದಲ ಬಿಲ್ಲಿಗೆ ಅದನ್ನೊಮ್ಮೆ ಓದುವ ಅಭ್ಯಾಸವನ್ನು ಬಿಲ್ಲಿಂಗ್ ಸಿಬ್ಬಂದಿಗೆ ಮಾಡಿಸಿ. ಟ್ಯಾಲಿ ಬಿಡದೆ ಸೆಷನ್ ಹಾಗೇ ಕತ್ತರಿಸಿ, ಬೇರೆ ಪಿಸಿಯಿಂದ ಅದೇ ಯೂಸರ್ ಹೆಸರಿನಲ್ಲಿ ಮತ್ತೆ ಬಂದರೆ ಟ್ಯಾಲಿ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರಬಹುದು. ಮುಚ್ಚಿ ತೆರೆದರೆ ಸರಿಹೋಗುತ್ತದೆ.

ಎರಡು ಶಿಸ್ತುಗಳನ್ನು ಬಿಡಲೇಬಾರದು. ಒಂದು, ಪ್ರತಿಯೊಬ್ಬರಿಗೂ ಬೇರೆ ಯೂಸರ್ ಹೆಸರು. ಇನ್ನೊಂದು, ಯಾರನ್ನೂ ಅಡ್ಮಿನಿಸ್ಟ್ರೇಟರ್ ಮಾಡಬೇಡಿ. ಸಾಮಾನ್ಯ ಯೂಸರ್‌ಗೆ ತನ್ನ ಸೆಷನ್ನಿನ ಪ್ರಿಂಟರ್‌ಗಳು ಮಾತ್ರ ಕಾಣುತ್ತವೆ; ಅಡ್ಮಿನಿಸ್ಟ್ರೇಟರ್‌ಗೆ ಎಲ್ಲರ ರಿಡೈರೆಕ್ಟೆಡ್ ಪ್ರಿಂಟರ್‌ಗಳೂ ಕಾಣುತ್ತವೆ. ಅನುಮತಿಯ ತಲೆನೋವು ಬೇಡವೆಂದು ಎಲ್ಲರನ್ನೂ ಅಡ್ಮಿನ್ ಮಾಡಿಟ್ಟ ಕಡೆಗಳಲ್ಲೇ ಸಾಗರದ ಬಿಲ್ಲು ತೀರ್ಥಹಳ್ಳಿಯಲ್ಲಿ ಬರುವುದು. ಅಡ್ಮಿನ್ ಹಕ್ಕು ತೆಗೆದು ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿಗೆ ಸೇರಿಸಿ, ಟ್ಯಾಲಿಯ ಡೇಟಾ ಫೋಲ್ಡರ್‌ಗೆ ಮಾತ್ರ ಬರೆಯುವ ಹಕ್ಕು ಕೊಟ್ಟರೆ ಸಾಕು.

ಡಾಟ್ ಮ್ಯಾಟ್ರಿಕ್ಸ್: ಇಲ್ಲಿ ತಾಳ್ಮೆ ಬೇಕು

ಕಾರ್ಬನ್ ಪ್ರತಿ ಬೇಕಿರುವವರೆಗೂ ಡಾಟ್ ಮ್ಯಾಟ್ರಿಕ್ಸ್ ನಮ್ಮ ಮಂಡಿಗಳಿಂದ ಹೋಗುವುದಿಲ್ಲ. ಈಸಿ ಪ್ರಿಂಟ್ ಮೂಲಕ ಇದಕ್ಕೆ ಕಳಿಸಿದರೆ ಅಕ್ಷರಗಳು ಚಿತ್ರವಾಗಿ ಹೋಗುತ್ತವೆ. ಪ್ರಿಂಟರ್ ತನ್ನೊಳಗಿನ ಅಕ್ಷರ ಬಳಸದೆ ಚುಕ್ಕಿ ಚುಕ್ಕಿಯಾಗಿ ಬಿಡಿಸುತ್ತದೆ. ಅದಕ್ಕೇ ನಿಧಾನ, ಅದಕ್ಕೇ ಮಸುಕು, ರಿಬ್ಬನ್ನೂ ಬೇಗ ಸವೆಯುತ್ತದೆ.

ಮೇಲೆ ಹೇಳಿದ ಕೊನೆಯ ಪಾಲಿಸಿಯನ್ನು ಡಿಸೇಬಲ್ ಮಾಡಿದಾಗ ಸರ್ವರ್ ಮೊದಲು ತನ್ನಲ್ಲಿ ಅದೇ ಹೆಸರಿನ ಡ್ರೈವರ್ ಇದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಮಾತ್ರ ಈಸಿ ಪ್ರಿಂಟ್‌ಗೆ ಬರುತ್ತದೆ. ಇದರಿಂದ ಬಹಳ ಉಪಯೋಗವಿದೆ. ಸರ್ವರ್‌ನಲ್ಲಿ ಡಾಟ್ ಮ್ಯಾಟ್ರಿಕ್ಸ್‌ನ ಡ್ರೈವರ್ ಮಾತ್ರ ಹಾಕಿ, ಲೇಸರ್‌ಗಳದ್ದು ಯಾವುದನ್ನೂ ಹಾಕಬೇಡಿ. ಡಾಟ್ ಮ್ಯಾಟ್ರಿಕ್ಸ್ ನಿಜವಾದ ಡ್ರೈವರ್‌ನಲ್ಲೂ ಲೇಸರ್‌ಗಳು ಈಸಿ ಪ್ರಿಂಟ್‌ನಲ್ಲೂ ತಾವಾಗಿಯೇ ಬೇರೆಯಾಗುತ್ತವೆ.

ಮಾಡುವ ಕ್ರಮ ಹೀಗೆ:

1. ಬ್ರಾಂಚ್ ಪಿಸಿಯಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್ ತೆರೆದು ಡ್ರೈವರ್ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ನಡುವಿನ ಅಡ್ಡಗೆರೆ, ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.
2. ಸರ್ವರ್‌ನ ಪ್ರಿಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಅದೇ ಹೆಸರಿನ 64 ಬಿಟ್ ಡ್ರೈವರ್ ಸೇರಿಸಿ. ಪ್ರಿಂಟರ್ ಸೇರಿಸಬೇಕಿಲ್ಲ, ಡ್ರೈವರ್ ಮಾತ್ರ.
3. ಸೇರಿಸಿದ ಡ್ರೈವರ್ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವರ್ ಐಸೊಲೇಷನ್‌ನಲ್ಲಿ ಐಸೊಲೇಟೆಡ್ ಆರಿಸಿ. ಡ್ರೈವರ್ ಕೆಟ್ಟರೂ ಸ್ಪೂಲರ್ ಉಳಿಯುತ್ತದೆ.
4. ಬ್ರಾಂಚಿನಿಂದ ಮತ್ತೆ ಸೈನ್ ಇನ್ ಆಗಿ, ಸೆಷನ್ನಿನಲ್ಲಿ ಆ ಪ್ರಿಂಟರ್‌ನ ಅಡ್ವಾನ್ಸ್ಡ್ ಟ್ಯಾಬ್ ನೋಡಿ. ಅಲ್ಲಿ ಇನ್ನೂ ‘ರಿಮೋಟ್ ಡೆಸ್ಕ್‌ಟಾಪ್ ಈಸಿ ಪ್ರಿಂಟ್’ ಎಂದಿದ್ದರೆ ಎರಡು ಹೆಸರುಗಳು ಹೊಂದಿಲ್ಲ ಎಂದರ್ಥ.

ಇನ್ನು ಕಾಗದದ ಅಳತೆ. 80 ಕಾಲಮ್ ಪ್ರಿಂಟರ್‌ಗೆ ನಮ್ಮಲ್ಲಿ ಬರುವ ಕಂಟಿನ್ಯುಯಸ್ ಪೇಪರ್ ಸಾಮಾನ್ಯವಾಗಿ 10×12 ಇಂಚು, ದೊಡ್ಡ ಪ್ರಿಂಟರ್‌ಗೆ 15×12. ಆದರೆ ಡ್ರೈವರ್‌ಗಳು ಮೊದಲಿಗೆ ತೋರಿಸುವುದು 11 ಇಂಚಿನ ಅಮೆರಿಕದ ಹಾಳೆ ಅಥವಾ ಎ4. 12 ಇಂಚಿನ ಕಾಗದಕ್ಕೆ 11 ಇಂಚಿನ ಸೆಟ್ಟಿಂಗ್ ಇದ್ದರೆ ಪ್ರತಿ ಪುಟವೂ ಒಂದೊಂದು ಇಂಚು ಮೇಲೆ ಸರಿಯುತ್ತ ಹೋಗಿ, ಹರಿಯುವ ತೂತುಗೆರೆಯ ಮೇಲೆ ಟೋಟಲ್ ಬೀಳುತ್ತದೆ. ಸಾಲಿನ ಲೆಕ್ಕದಲ್ಲಿ, ಇಂಚಿಗೆ 6 ಸಾಲಿನಂತೆ 12 ಇಂಚಿಗೆ 72 ಸಾಲು, 11 ಇಂಚಿಗೆ 66, ಅರ್ಧ ಹಾಳೆಯ 6 ಇಂಚಿಗೆ 36.

ಸರಿಪಡಿಸಲು ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನ ಫಾರ್ಮ್ಸ್ ಟ್ಯಾಬ್‌ನಲ್ಲಿ ‘ಕ್ರಿಯೇಟ್ ಎ ನ್ಯೂ ಫಾರ್ಮ್’ಗೆ ಟಿಕ್ ಹಾಕಿ, ಅಗಲ 10, ಎತ್ತರ 12 ಇಂಚು, ಮಾರ್ಜಿನ್ ಎಲ್ಲ ಸೊನ್ನೆ ಎಂದು ಕೊಟ್ಟು ಒಂದು ಹೆಸರಿಟ್ಟು ಸೇವ್ ಮಾಡಿ. ಫಾರ್ಮ್ ಎನ್ನುವುದು ಆಯಾ ಕಂಪ್ಯೂಟರ್‌ಗೆ ಸೇರಿದ್ದು. ಆದ್ದರಿಂದ ಇದನ್ನು ಸರ್ವರ್‌ನಲ್ಲೂ ಬ್ರಾಂಚ್ ಪಿಸಿಯಲ್ಲೂ ಒಂದೇ ಹೆಸರು, ಒಂದೇ ಅಳತೆಯಲ್ಲಿ ಮಾಡಬೇಕು. ಒಂದು ಕಡೆ ಮಾತ್ರ ಮಾಡಿ ಬಿಟ್ಟರೆ ಅಳತೆ ಹಳೆಯದಕ್ಕೇ ಮರಳುತ್ತಿರುತ್ತದೆ. ಪ್ರಿಂಟರ್ ಹಿಡಿಯಲಾರದಷ್ಟು ಅಗಲ ಕೊಟ್ಟರೆ ಆ ಫಾರ್ಮ್ ಅದರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕೊನೆಗೆ ಪ್ರಿಂಟರ್‌ನ ಸ್ವಂತ ಮೆನುವಿನಲ್ಲಿರುವ ಪೇಜ್ ಲೆಂಗ್ತ್ ಕೂಡ 12 ಇಂಚು ಮಾಡಿ. ‘ಸ್ಕಿಪ್ ಓವರ್ ಪರ್ಫೊರೇಷನ್’ ಆನ್ ಇದ್ದರೆ ಪುಟದ ಕೊನೆಯಲ್ಲಿ ಒಂದಿಂಚು ಖಾಲಿ ಬಿಡುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ತಾನೇ ಪುಟ ಲೆಕ್ಕ ಹಾಕುವುದಾದರೆ ಅದನ್ನು ಆಫ್ ಮಾಡಿ.

ಟ್ಯಾಲಿಯ ಪ್ರಿಂಟ್ ಫಾರ್ಮ್ಯಾಟನ್ನು ಡಾಟ್ ಮ್ಯಾಟ್ರಿಕ್ಸ್‌ಗೆ ಬದಲಿಸಿದರೆ ವೇಗ ಬರುತ್ತದೆ, ಆದರೆ ಪ್ರಿಂಟರ್‌ನೊಳಗಿನ ಅಕ್ಷರಗಳು ಮಾತ್ರ ಸಿಗುತ್ತವೆ. ರೂಪಾಯಿ ಚಿಹ್ನೆ ಹಳೆಯ ಪ್ರಿಂಟರ್‌ಗಳಲ್ಲಿ ಇಲ್ಲ, 2010ರಲ್ಲಿ ಬಂದದ್ದು ಅದು. ಅದರ ಜಾಗದಲ್ಲಿ ಪ್ರಶ್ನಾರ್ಥಕ ಬಂದರೆ ಕಂಪನಿ ಸೆಟ್ಟಿಂಗ್‌ನಲ್ಲಿ ಇಂಗ್ಲಿಷಿನ ಆರ್‌ಎಸ್ ಅಕ್ಷರಗಳನ್ನು ಇಡಿ. ಕ್ಯೂಆರ್ ಕೋಡ್ ಈ ಅಕ್ಷರ ಮೋಡ್‌ನಲ್ಲಿ ಬರುವುದಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕ್ಯೂಆರ್ ಕೋಡ್ ಇರುವ ಇ-ಇನ್‌ವಾಯ್ಸ್ ಕಡ್ಡಾಯ. ಅಂಥವರು ವ್ಯಾಪಾರಿಗಳಿಗೆ ಕೊಡುವ ಇನ್‌ವಾಯ್ಸನ್ನು ಲೇಸರ್‌ಗೆ ಹಾಕಿ, ಗೇಟ್ ಪಾಸ್, ತೂಕದ ಚೀಟಿಯಂಥವನ್ನು ಮಾತ್ರ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಇಟ್ಟುಕೊಳ್ಳುವುದು ವಾಸಿ.

ಥರ್ಮಲ್‌ಗೂ ಇದೇ ದಾರಿ: ಒಂದೇ ಹೆಸರಿನ ಡ್ರೈವರ್ ಎರಡೂ ಕಡೆ. 80 ಮಿಲಿಮೀಟರ್ ರೋಲಿನಲ್ಲಿ ಅಚ್ಚಾಗುವ ಅಗಲ ಸಾಮಾನ್ಯವಾಗಿ 72 ಮಿಲಿಮೀಟರ್, 58ರ ರೋಲಿನಲ್ಲಿ 48. ರಸೀದಿಯ ಬಲಬದಿಯ ಮೊತ್ತ ಕತ್ತರಿಸಿ ಹೋದರೆ ಈ ಅಗಲವನ್ನು ನೋಡಿ.

ವಿಪಿಎನ್ ಮೇಲೆ ನೇರವಾಗಿ

ಈ ದಾರಿಯಲ್ಲಿ ಬ್ರಾಂಚ್ ಪ್ರಿಂಟರ್ ಸರ್ವರ್‌ನಲ್ಲಿ ‘ಸಾಗರ ಬಿಲ್’ ಎಂಬ ಖಾಯಂ ಹೆಸರಿನಲ್ಲಿ ಇರುತ್ತದೆ, ಹಿಂದೆ ಓಡುವ ಸಂಖ್ಯೆ ಇಲ್ಲ. ಎರಡೂ ಊರಿನ ರೌಟರ್‌ಗಳ ನಡುವೆ ವಿಪಿಎನ್ ಬೇಕು. ಎಲ್ಲ ಬ್ರಾಂಚಿನಲ್ಲೂ 192.168.1 ಸರಣಿಯೇ ಇದ್ದರೆ ವಿಳಾಸ ಡಿಕ್ಕಿಯಾಗುತ್ತದೆ. ಹೆಡ್ ಆಫೀಸ್‌ಗೆ 192.168.10, ಸಾಗರಕ್ಕೆ 192.168.11, ತೀರ್ಥಹಳ್ಳಿಗೆ 192.168.12 ಎಂದು ಮೊದಲೇ ಬೇರೆ ಮಾಡಿ. ರೌಟರ್‌ನಲ್ಲಿ ಪ್ರಿಂಟರ್‌ಗೆ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ವಿಳಾಸ ಬದಲಾಗಬಹುದು. ಸರ್ವರ್‌ನಲ್ಲಿ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಸೇರಿಸಿ, ರಾ ಪ್ರೋಟೊಕಾಲ್, ಪೋರ್ಟ್ 9100 ಆರಿಸಿ. ಅದೇ ಪರದೆಯಲ್ಲಿ, ಪ್ರಿಂಟರ್‌ನ ಸ್ಥಿತಿಯನ್ನು ಕೇಳುತ್ತಿರುವ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಟಿಕ್ ತೆಗೆಯುವುದನ್ನು ಮರೆಯಬೇಡಿ. ವಿಪಿಎನ್ ಮೇಲೆ ಆ ಉತ್ತರ ಬಾರದೆ ಹೋದರೆ ಪ್ರಿಂಟರ್ ಸರಿಯಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ತಿಳಿದು ಬಿಲ್ಲನ್ನು ತಡೆಹಿಡಿಯುತ್ತದೆ.

ಬಳಿಕ ಪ್ರಿಂಟರ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಎವ್ರಿವನ್ ಎಂಬುದನ್ನು ತೆಗೆದು, ಆಯಾ ಬ್ರಾಂಚಿನ ಗುಂಪಿಗೆ ಮಾತ್ರ ಪ್ರಿಂಟ್ ಹಕ್ಕು ಕೊಡಿ. ಬೇರೆ ಊರಿನ ಬಿಲ್ಲು ಇಲ್ಲಿಗೆ ಬರುವ ಮಾತೇ ಇರುವುದಿಲ್ಲ.

ವಿಪಿಎನ್ ಹೇಗೂ ಬೇಕೇ ಬೇಕು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸಿ ಒಳನುಗ್ಗಿ ಡೇಟಾಗೆ ಬೀಗ ಹಾಕುವವರು ಮೊದಲು ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು.

ಕನ್ನಡ ಅಕ್ಷರ

ಬಿಲ್ಲಿನಲ್ಲಿ ಸರಕಿನ ಹೆಸರು ಕನ್ನಡದಲ್ಲಿ ಇದ್ದರೆ ಫಾಂಟ್ ಸರ್ವರ್‌ನಲ್ಲಿರಬೇಕು. ಬ್ರಾಂಚ್ ಪಿಸಿಯಲ್ಲಿ ಎಷ್ಟು ಫಾಂಟ್ ಹಾಕಿದರೂ ಉಪಯೋಗವಿಲ್ಲ, ಪುಟ ಸಿದ್ಧವಾಗುವುದು ಅಲ್ಲಲ್ಲ. ಯೂನಿಕೋಡ್ ಆದರೆ ನಿರ್ಮಲಾ ಯುಐ ಅಥವಾ ತುಂಗಾ ಸರ್ವರ್‌ನಲ್ಲಿದೆಯೇ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಅದೇ ನುಡಿ ಫಾಂಟನ್ನು ಸರ್ವರ್‌ನಲ್ಲಿ ಎಲ್ಲ ಯೂಸರ್‌ಗಳಿಗೂ ಸಿಗುವಂತೆ ಹಾಕಿ. ಡಾಟ್ ಮ್ಯಾಟ್ರಿಕ್ಸ್‌ನ ಅಕ್ಷರ ಮೋಡ್‌ನಲ್ಲಿ ಕನ್ನಡ ಬರುವುದಿಲ್ಲ. ಕನ್ನಡ ಬೇಕೆಂದರೆ ಅಕ್ಷರಗಳನ್ನು ಚಿತ್ರವಾಗಿ ಕಳಿಸುವ ಟ್ಯಾಲಿಯ ನೀಟ್ ಮೋಡ್‌ಗೆ ಹೋಗಿ, ನಿಧಾನವನ್ನು ಒಪ್ಪಿಕೊಳ್ಳಬೇಕು.

ಪ್ರಿಂಟ್ ಬರದಿದ್ದಾಗ ಎಲ್ಲಿಂದ ಹುಡುಕಬೇಕು

ಮೊದಲು ಸೆಷನ್ ಬದಿಗಿಟ್ಟು ಬ್ರಾಂಚ್ ಪಿಸಿಯ ನೋಟ್‌ಪ್ಯಾಡ್‌ನಿಂದ ಒಂದು ಹಾಳೆ ಹೊಡೆಯಿರಿ. ಅದೇ ಬರದಿದ್ದರೆ ದೋಷ ಕೇಬಲ್ ಅಥವಾ ಪ್ರಿಂಟರ್‌ನದು. ಬಂದರೆ ಸೆಷನ್ನಿನೊಳಗಿನ ನೋಟ್‌ಪ್ಯಾಡ್‌ನಿಂದ ಹೊಡೆಯಿರಿ. ಇದೂ ಬಂದರೆ ದೋಷ ಟ್ಯಾಲಿಯ ಸೆಟ್ಟಿಂಗ್‌ನಲ್ಲಿದೆ. ಈ ಮೂರು ಮೆಟ್ಟಿಲನ್ನು ಬಿಟ್ಟು ಡ್ರೈವರ್ ಕಿತ್ತು ಹಾಕುವ ಕೆಲಸಕ್ಕೆ ಕೈಹಾಕಬೇಡಿ.

ಸೆಷನ್ನಿನಲ್ಲಿ ಪ್ರಿಂಟರ್ ಕಾಣದೇ ಇದ್ದರೆ ಸರ್ವರ್‌ನ ಇವೆಂಟ್ ವ್ಯೂವರ್‌ನಲ್ಲಿ 1111 ಸಂಖ್ಯೆಯ ದಾಖಲೆ ಹುಡುಕಿ. ಯಾವ ಡ್ರೈವರ್ ಸರ್ವರ್‌ಗೆ ಗೊತ್ತಿಲ್ಲ ಎಂದು ಹೆಸರು ಸಮೇತ ಅದರಲ್ಲಿರುತ್ತದೆ. ಹಾಳೆಯ ಅಳತೆ ಬದಲಿಸಿದ್ದು ಸೆಷನ್ನಿಗೆ ತಲುಪದಿದ್ದರೆ, ಬ್ರಾಂಚ್ ಪಿಸಿಯಲ್ಲಿ ಬದಲಿಸಿ, ಸಂಪರ್ಕ ಕಡಿದು ಮತ್ತೆ ಬನ್ನಿ. ಬಿಲ್ಲಿಗೆ ಒಂದು ನಿಮಿಷ ಹಿಡಿಯುತ್ತಿದ್ದರೆ ಕಂಪನಿಯ ಲೋಗೊ ನೋಡಿ. ಹಲವು ಎಂಬಿಯ ಚಿತ್ರ ಪ್ರತಿ ಬಿಲ್ಲಿನೊಂದಿಗೂ ಅದೇ ಸಂಪರ್ಕದಲ್ಲಿ ಹೋಗುತ್ತಿರಬಹುದು. 100 ಕೆಬಿ ಒಳಗೆ ಇಳಿಸಿ.

ಜಾಬ್ ಸಿಕ್ಕಿಕೊಂಡು ಅಳಿಸಲೂ ಆಗದಿದ್ದರೆ, ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್‌ನ ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್‌ನಲ್ಲಿರುವ ಫೈಲುಗಳನ್ನು ಅಳಿಸಿ, ಮತ್ತೆ ಶುರುಮಾಡಿ. ಇದನ್ನು ಮೊದಲು ಬ್ರಾಂಚ್ ಪಿಸಿಯಲ್ಲಿ ಮಾಡಿ. ಸರ್ವರ್‌ನಲ್ಲಿ ಮಾಡಿದರೆ ಆ ಕ್ಷಣ ಸರದಿಯಲ್ಲಿರುವ ಎಲ್ಲ ಊರಿನ ಬಿಲ್ಲೂ ಅಳಿಸಿಹೋಗುತ್ತದೆ. ಫೋನ್ ಮಾಡಿ ಹೇಳಿಯೇ ಮಾಡಬೇಕು.

ಪಿಸಿಯಿಂದ ಪಿಸಿಗೆ ಶೇರ್ ಮಾಡಿದ ಪ್ರಿಂಟರ್‌ಗಳಲ್ಲಿ 11ಬಿ ಎಂದು ಕೊನೆಯಾಗುವ ದೋಷ ಸಂಖ್ಯೆ ಬರುವುದುಂಟು. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಸ್ಪೂಲರ್ ದೌರ್ಬಲ್ಯ ಬಯಲಾದ ಮೇಲೆ ಮೈಕ್ರೋಸಾಫ್ಟ್ ನಿಯಮ ಬಿಗಿ ಮಾಡಿತು: ಡ್ರೈವರ್ ಹಾಕಲು ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕಾಯಿತು, ಶೇರ್ ಮಾಡಿದ ಪ್ರಿಂಟರ್‌ನೊಡನೆ ಮಾತನಾಡುವ ವಿಧಾನವೂ ಬದಲಾಯಿತು. ಎರಡೂ ಕಂಪ್ಯೂಟರ್ ಒಂದೇ ಮಟ್ಟದ ಅಪ್‌ಡೇಟ್‌ನಲ್ಲಿ ಇಲ್ಲದಿದ್ದರೆ ಈ ದೋಷ ಬರುತ್ತದೆ. ಅಪ್‌ಡೇಟ್ ಕಿತ್ತು ಹಾಕಿ ಅಥವಾ ರಿಜಿಸ್ಟ್ರಿಯಲ್ಲಿ ರಕ್ಷಣೆ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಪಾಲಿಸಬೇಡಿ. ಎರಡೂ ಕಡೆ ಅಪ್‌ಡೇಟ್ ಪೂರ್ತಿ ಮಾಡಿ, ಡ್ರೈವರನ್ನು ಅಡ್ಮಿನಿಸ್ಟ್ರೇಟರ್ ಆಗಿ ಮೊದಲೇ ಹಾಕಿಡಿ, ಬಳಿಕ ಪ್ರಿಂಟರ್ ಸೇರಿಸಿ.